ಎರಡೂವರೆ ಸಿಸಿಗೆ ಸಾಗವಾನಿ ವಿಮಾನ

ಆ ಎಂಜಿನ್ನು ನನ್ನ ಮುಷ್ಟಿಯೊಳಗೆ ಹಿಡಿಸುತ್ತಿತ್ತು. ಎರಡೂವರೆ ಸಿಸಿಯದು. ಡೀಸೆಲ್ ಎಂಜಿನ್ ಎಂದು ಕರೆಯುತ್ತಿದ್ದರೂ ಅದಕ್ಕೆ ಹಾಕುತ್ತಿದ್ದುದು ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆ ಕಲಸಿದ ಇಂಧನ. ಧಾರವಾಡದಲ್ಲಿ ಓದುವಾಗ ಕಾಲೇಜಿನ ಕೆಡೆಟ್ ದಳದಲ್ಲಿ ಮಾದರಿ ವಿಮಾನ ಹಾರಿಸುವುದನ್ನು ಕಲಿತಿದ್ದೆ. ರಿಮೋಟಿನದಲ್ಲ. ರೆಕ್ಕೆಯಿಂದ ಹೊರಟ ಎರಡು ತೆಳು ಉಕ್ಕಿನ ತಂತಿಗಳ ತುದಿಗಿರುವ ಹಿಡಿಕೆಯನ್ನು ಹಿಡಿದು ಮೈದಾನದ ನಡುವೆ ನಿಂತರೆ ವಿಮಾನ ನಮ್ಮ ಸುತ್ತ ಸುತ್ತುತ್ತದೆ. ಹಿಡಿಕೆಯನ್ನು ಹಿಂದಕ್ಕೆ ವಾಲಿಸಿದರೆ ಏರುತ್ತದೆ, ಮುಂದಕ್ಕೆ ವಾಲಿಸಿದರೆ ಇಳಿಯುತ್ತದೆ. ಎಂ.ಎಸ್ಸಿ. ಮುಗಿಸಿ ಬ್ಯಾಡಗಿಗೆ ಮರಳುವಾಗ ದಳದ ಶಿಕ್ಷಕರ ಮೂಲಕ ಸ್ವಂತಕ್ಕೊಂದು ಎಂಜಿನ್ ತರಿಸಿಕೊಂಡೆ. ನಾನೇ ಆರಿಸಿ ತಂದುಕೊಂಡ ಮೊದಲ ವಸ್ತು ಅದು. ಅಲ್ಲಿಯವರೆಗೆ ನನ್ನ ಬಟ್ಟೆಗಳನ್ನು ಕೂಡ ಅವ್ವನೋ ಚಿಗವ್ವನೋ ಆರಿಸುತ್ತಿದ್ದರು.

ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುತ್ತಿದ್ದೆ. ಉಳಿದ ಹೊತ್ತಿನಲ್ಲಿ ಎಂಜಿನ್ನಿಗೆ ತಕ್ಕ ವಿಮಾನ ಯಾವುದೆಂದು ಯೋಚಿಸುತ್ತಿದ್ದೆ. ಅದು ಚಂದದ ಪ್ರಶ್ನೆ ಅಲ್ಲ, ತೂಕದ ಪ್ರಶ್ನೆ. ಎರಡೂವರೆ ಸಿಸಿ ಎಳೆಯಬಲ್ಲದ್ದು ಇಷ್ಟೇ ಎಂದು ಮೊದಲೇ ಗೊತ್ತಿರುತ್ತದೆ. ಆ ಮಿತಿಯೊಳಗೆ ರೆಕ್ಕೆಯ ಅಗಲ, ಮೈಯ ಉದ್ದ, ಬಾಲ ಎಲ್ಲವೂ ಕೂಡಬೇಕು. ಯುದ್ಧವಿಮಾನದ ಹಾಗೆ ಕಾಣುವ ಮಾದರಿಗಳು ವೇಗ ಬೇಡುತ್ತವೆ, ಹೊಸಬರ ಕೈಯಲ್ಲಿ ನೆಲಕ್ಕೆ ಬಡಿಯುತ್ತವೆ. ಜೋಡಿ ರೆಕ್ಕೆಯದಕ್ಕೆ ಗಾಳಿಯ ತಡೆ ಹೆಚ್ಚು. ಎಲ್ಲ ಬಿಟ್ಟು ಕೊನೆಗೆ ಉಳಿದದ್ದು ಒಂದು ಕುರೂಪಿ: ದಪ್ಪ ರೆಕ್ಕೆ, ಮೈಯ ಬದಲು ಒಂದು ಚಪ್ಪಟೆ ಹಲಗೆ, ಹಲಗೆಯ ಮೂಗಿಗೆ ಎಂಜಿನ್. ಬೆಂಡಿನಷ್ಟು ಹಗುರಾದ ಬಾಲ್ಸಾ ಕಟ್ಟಿಗೆಯಲ್ಲಿ ಮಾಡಿದರೆ ಎಲ್ಲ ಸೇರಿ ಮುಕ್ಕಾಲು ಕಿಲೋ ದಾಟುವುದಿಲ್ಲ. ದೊಡ್ಡ ಹಾಳೆಯ ಮೇಲೆ ಅದರ ನಕ್ಷೆ ಬರೆದೆ. ನನಗೆ ಅದು ಸರಿಯೆನಿಸಿತು.

ವಿಮಾನ ಮಾಡುವ ಮೊದಲು ಎಂಜಿನ್ನನ್ನು ಕೆಲವು ಸಲ ನೆಲದ ಮೇಲೆಯೇ ಓಡಿಸಿ ಪಳಗಿಸಬೇಕು. ಒಂದು ಭಾನುವಾರ ಹಿತ್ತಲಲ್ಲಿ ಅದನ್ನು ಹಲಗೆಗೆ ಬಿಗಿದು ಪಂಖವನ್ನು ಬೆರಳಿನಿಂದ ಚಿಮ್ಮಿದೆ. ನಾಲ್ಕಾರು ಸಲ ಸೀನಿ, ಆಮೇಲೆ ಹಿಡಿದುಕೊಂಡಿತು. ಸದ್ದಿಗೆ ಕಾಕಾ ಎದ್ದು ಬಂದರು. ಅಪ್ಪನ ತಮ್ಮ, ಮೆಣಸಿನಕಾಯಿ ಪೇಟೆಯಲ್ಲಿ ನಮ್ಮ ಮನೆತನದ ದಲಾಲಿ ಅಂಗಡಿ ನಡೆಸುವವರು ಅವರೇ. ಅಪ್ಪ ಅಂಗಡಿಯಲ್ಲಿ ಕೂರುತ್ತಿದ್ದರು, ಕಾಕಾ ಮಾತಾಡುತ್ತಿದ್ದರು.

"ಏ ತಂಗಿ, ಏನಿದು? ಇಷ್ಟ ಸಣ್ಣ ಜೀವ, ಓಣಿ ಎಲ್ಲಾ ಎಬ್ಬಿಸಾಕತ್ತೈತಲ್ಲ!"

"ಎಂಜಿನ್ ರೀ ಕಾಕಾ. ಸಣ್ಣ ವಿಮಾನಕ್ಕ ಹಾಕೂದು."

"ವಿಮಾನ ಎಲ್ಲೈತಿ?"

"ಇನ್ನಾ ಮಾಡಬೇಕು."

"ಅದಕ್ಯಾಕ ಚಿಂತಿ? ಮಾಡಿಸಿದ್ರಾತು," ಎಂದು ಬಾಯೊಳಗಿನ ಗುಟ್ಕಾ ಒಂದು ಕೆನ್ನೆಗೆ ಸರಿಸಿ, ಎಂಜಿನ್ ನಿಂತ ತಕ್ಷಣ ಅದರ ತಲೆ ಮುಟ್ಟಿದರು. ಸುಟ್ಟಿತು. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಅದೇ ಬೆರಳಿನಿಂದ ಮುಟ್ಟಿ ನೋಡಿದರು. ಸಿಲಿಂಡರಿನ ಸಣ್ಣ ಏಣುಗಳ ಮೇಲೆ ಕಂದು ಎಂಜಲು ಚುರ್ರೆಂದು ಒಣಗಿತು. ಆ ದಿನ ಅದನ್ನು ನಾನು ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದೆ. ಗುರುತು ಹೋದ ಮೇಲೆಯೂ ಮತ್ತೊಮ್ಮೆ ತೊಳೆದೆ.

ಮರುದಿನವೇ ಕಾಕಾ ನಿರ್ಧರಿಸಿಬಿಟ್ಟಿದ್ದರು. ದೀಪಾವಳಿಗೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡುವಾಗ ಪೇಟೆಯ ಎಲ್ಲರ ಎದುರು ವಿಮಾನ ಹಾರಬೇಕು, ಅದರ ರೆಕ್ಕೆಯ ಮೇಲೆ ನಮ್ಮ ಅಂಗಡಿಯ ಹೆಸರಿರಬೇಕು. ನಾನು ಅಪ್ಪನ ಮುಖ ನೋಡಿದೆ. "ಹೋಗ್ಲಿ ಬಿಡು, ಹೆಂಗೂ ನೀ ಮಾಡಾಕಿನ ಇದ್ದಿ," ಎಂದರು ಅಪ್ಪ. ಹೌದು, ಹೇಗೂ ಮಾಡುವುದಿತ್ತು. ನಕ್ಷೆಯನ್ನು ಕಾಕಾನಿಗೆ ಕೊಟ್ಟು, ಅದರಲ್ಲಿ ಬರೆದ ಅಳತೆ ಮೀರಬಾರದೆಂದು ಹೇಳಿದೆ. "ನನಗ ತೂಕದ್ದು ಹೇಳಾಕ ಬರ್ತಿಯೇನವಾ? ಹುಟ್ಟಿದಾಗಿಂದ ತಕ್ಕಡಿ ಮುಂದ ಕುಂತೇನಿ," ಎಂದು ನಕ್ಕರು. ಒಂದು ವಾರದ ನಂತರ ನಾನು ಕಾಲೇಜಿನಲ್ಲಿದ್ದಾಗ ನನ್ನ ಕಪಾಟು ತೆಗೆದು, ವಿಮಾನ ಮಾಡಲು ತಾವು ಗೊತ್ತುಮಾಡಿದ ಬಡಿಗೇರನಿಗೆ ಅಳತೆಗೆ ಬೇಕೆಂದು ಎಂಜಿನ್ನನ್ನೂ ಒಯ್ದರು. ಒಳಉಡುಪುಗಳ ಕೆಳಗೆ ಡಬ್ಬಿಯಲ್ಲಿಟ್ಟಿದ್ದೆ. ಅವ್ವನನ್ನು ಕೇಳಿದರೆ, "ನಾ ಅಡಗಿಮನ್ಯಾಗಿದ್ದೆ," ಎಂದಳು.

ಬಡಿಗೇರನ ಕಾರ್ಖಾನೆ ರಾಣೆಬೆನ್ನೂರಿನಲ್ಲೇ ಇತ್ತು. ಬಾಗಿಲು, ತೊಟ್ಟಿಲು, ದೇವರ ಮಂಟಪ ಮಾಡುವವನು. ಒಂದು ಶನಿವಾರ ತರಗತಿ ಮುಗಿಸಿ ಅಲ್ಲಿಗೆ ಹೋದೆ. ಎರಡು ಮಂಟಪಗಳ ನಡುವೆ ನನ್ನ ವಿಮಾನ ಒರಗಿತ್ತು. ನನ್ನ ನಕ್ಷೆಯದಲ್ಲ. ಪಟಾಕಿ ಅಂಗಡಿಯ ಕ್ಯಾಲೆಂಡರಿನಲ್ಲಿದ್ದ, ನೂರಾರು ಜನ ಕೂರುವ ಜೆಟ್ ವಿಮಾನ. ಉರುಟು ಮೈ, ಉದ್ದಕ್ಕೂ ಕಿಟಕಿ. ರೆಕ್ಕೆಯ ಕೆಳಗೆ ಕಡೆದಿಟ್ಟ ನಾಲ್ಕು ಕಟ್ಟಿಗೆಯ ಎಂಜಿನ್ನುಗಳು. ಮೂಗಿನ ಮೇಲೆ, ಯಾವ ಜೆಟ್ ವಿಮಾನಕ್ಕೂ ಇರದ ಜಾಗದಲ್ಲಿ, ನನ್ನ ನಿಜವಾದ ಎಂಜಿನ್ನು ಮತ್ತು ಪಂಖ. ಸಿಂಗರಿಸಿದ ಹೆಣದ ಮೂಗಿಗೆ ಹತ್ತಿ ಇಟ್ಟಂತೆ ಕಾಣುತ್ತಿತ್ತು.

"ನಕ್ಷಾ ಎಲ್ಲೈತ್ರಿ?" ಎಂದೆ.

"ಅಲ್ಲೇ ಎಲ್ಲೋ ಐತ್ರಿ ಮೇಡಂ. ಸಾವ್ಕಾರ್ರು ನೋಡಿದ್ರು. 'ಇದೇನು ವಿಮಾನನೋ ರೊಟ್ಟಿ ಬಡಿಯೂ ಹಲಗಿಯೋ' ಅಂದ್ರು."

"ಇದು ಯಾವ ಕಟ್ಟಿಗಿ?"

"ಸಾಗವಾನಿ!" ಅವನ ಎದೆ ಉಬ್ಬಿತು. "ನೀವು ಬರದಿದ್ರಲ್ಲ, ಆ ಬೆಂಡು, ಅದನ್ನ ಮನ್ಯಾಗ ಇಟ್ಕೋಬಾರದ್ರಿ. ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತಿ."

"ಇರೂದು ಬ್ಯಾಡ್ರಿ. ಹಾರಬೇಕು."

"ಹಾರಿಸೂದು ನಿಮ್ಮ ಎಂಜಿನ್ನಿನ ಕೆಲಸ. ಗಟ್ಟಿ ಮಾಡೂದು ನನ್ನ ಕೆಲಸ."

ಎಂಜಿನ್ ಬಿಚ್ಚಿಕೊಡು ಎಂದೆ. ಸಾವ್ಕಾರ್ರನ್ನು ಕೇಳದೆ ಬಿಚ್ಚುವುದಿಲ್ಲ ಎಂದ. ಅವನ ಜೊತೆ ವಾದಿಸುವುದು ನನಗೆ ಸಾಧ್ಯವಾಗಲಿಲ್ಲ. ಅಲ್ಲಿ ನಿಂತವರೆಲ್ಲ ಆಗಲೇ ನನ್ನನ್ನು ನೋಡುತ್ತಿದ್ದರು.

ಬಣ್ಣ ಮುಗಿದು ವಿಮಾನ ಅಂಗಡಿಗೆ ಬಂತು. ಕಾಕಾನಿಗೆ ಮೆಣಸಿನಕಾಯಿಯ ಬಣ್ಣ ನೋಡಿಯೇ ದರ ಹೇಳುವ ಕಣ್ಣಿತ್ತು. ಸಪ್ಪೆ ಬಿದ್ದ ಕಾಯಿಯ ಮೇಲೆ ಕೈಗೆ ಎಣ್ಣೆ ಸವರಿಕೊಂಡು ಆಡಿಸಿದರೆ ಅದಕ್ಕೆ ಹೊಳಪು ಬರುತ್ತದೆ. ಆ ಕೈಯೂ ಅವರಿಗಿತ್ತು. ವಿಮಾನಕ್ಕೂ ಅದನ್ನೇ ಮಾಡಿದ್ದರು. ಕೆಂಪು ಎಣ್ಣೆಬಣ್ಣ ಮೂರು ಪದರ, ಅದರ ಮೇಲೆ ವಾರ್ನಿಶ್. ಕಿಟಕಿಗಳಲ್ಲಿ ನಮ್ಮ ಮನೆಯವರ ಮುಖಗಳನ್ನು ಬರೆಸಿದ್ದರು. ಪೈಲಟ್ಟಿನ ಜಾಗದಲ್ಲಿ ಮೀಸೆಯೊಂದಿಗೆ ಕಾಕಾ. ಕೊನೆಯ ಕಿಟಕಿಯಲ್ಲಿ ಜಡೆ ಇದ್ದ ಒಂದು ಗುಲಾಬಿ ಗುಂಡು. ಅದು ನಾನು ಎಂದರು.

ನಾನು ಅದನ್ನು ಎತ್ತಿ ಚೀಲ ತೂಗುವ ತಕ್ಕಡಿಯ ಮೇಲೆ ಇಟ್ಟೆ. ನಾಲ್ಕು ಕಿಲೋ ದಾಟಿತ್ತು.

"ಕಾಕಾ, ಇದರ ಕಾಲುಭಾಗ ಸೈತ ಈ ಎಂಜಿನ್ ಎತ್ತೂದಿಲ್ರಿ."

"ಯಾಕ ಎತ್ತೂದಿಲ್ಲ? ನಮ್ಮ ಹಮಾಲರನ್ನ ನೋಡು. ಹೊಟ್ಟಿ ಬೆನ್ನಿಗೆ ಹತ್ತಿರತೈತಿ, ತನ್ನಷ್ಟ ಭಾರದ ಚೀಲಾ ಹೊತ್ಕೊಂಡು ಓಡತಾನ. ಅಭ್ಯಾಸ ಮಾಡಿಸಬೇಕು."

ಬಾಗಿಲಲ್ಲಿ ಕುಳಿತಿದ್ದ ಹಮಾಲರು ನಕ್ಕರು. ಅವರು ನಕ್ಕಿದ್ದು ತಮಾಷೆಗಲ್ಲ, ಸಾವ್ಕಾರ ನಕ್ಕನೆಂದು. ಎಂಜಿನ್ ತಿರುಗಿ ಕೊಡಿ, ಈ ವಿಮಾನವನ್ನು ಹಾಗೇ ತೂಗುಹಾಕಿ, ಚಂದ ಕಾಣುತ್ತದೆ ಎಂದೆ. "ಪೂಜಿ ಒಂದ ಆಗ್ಲಿ, ಆಮ್ಯಾಲೆ ನಿನ್ನ ಎಂಜಿನ್ ನಿನಗ," ಎಂದರು. ಅಷ್ಟು ಜನರ ಎದುರು ಹೇಳಿದ ಮಾತು. ಹಬ್ಬದವರೆಗೆ ಕಾಯಲು ಒಪ್ಪಿದೆ.

ಪೂಜೆಯ ಸಂಜೆ ಅಂಗಡಿ ತುಂಬ ಜನ. ಹೊಸ ಬೆಳೆ ಇನ್ನೂ ಬಂದಿರಲಿಲ್ಲವಾದ್ದರಿಂದ ಎಲ್ಲರಿಗೂ ಬಿಡುವಿತ್ತು. ಗದ್ದುಗೆಯ ಮೇಲೆ ಲಕ್ಷ್ಮಿ, ಪಕ್ಕದಲ್ಲಿ ತಕ್ಕಡಿ, ತಕ್ಕಡಿಯ ಮುಂದೆ ವಿಮಾನ. ನಮ್ಮಲ್ಲಿ ದುಡಿಯುವ ಎಲ್ಲ ಯಂತ್ರಕ್ಕೂ ಆ ದಿನ ವಿಭೂತಿ, ಕುಂಕುಮ, ಹೂವು ಏರುತ್ತವೆ. ಲಾರಿಗೆ, ಬೋರಿನ ಪಂಪಿಗೆ, ಅವ್ವನ ಮಿಕ್ಸರಿಗೆ. ಅದು ನನಗೆ ಗೊತ್ತಿದ್ದದ್ದೇ. ಆದರೆ ಲಾರಿಯ ಎಂಜಿನ್ನಿಗೆ ಬಾನೆಟ್ ಇದೆ. ಮಿಕ್ಸರಿಗೆ ಮುಚ್ಚಳ ಇದೆ. ನನ್ನ ಎಂಜಿನ್ನಿನ ಗಾಳಿ ಎಳೆದುಕೊಳ್ಳುವ ಬಾಯಿ ಆಕಾಶಕ್ಕೆ ತೆರೆದುಕೊಂಡಿತ್ತು. ಪೆನ್ಸಿಲ್ ತೂರುವಷ್ಟು ಅಗಲದ, ನುಣುಪಾದ, ದುಂಡನೆಯ ರಂಧ್ರ.

ಕಾಕಾ ಅದರ ತಲೆಗೆ ವಿಭೂತಿ ಎಳೆದರು. ಏಣುಗಳ ಸಂದಿಗೆ ಒದ್ದೆ ಕುಂಕುಮ ಮೆತ್ತಿದರು. ಆಮೇಲೆ ಉರಿಯುವ ಊದಿನಕಡ್ಡಿಗಳನ್ನು ಹಿಡಿದು ಎಲ್ಲಿ ಚುಚ್ಚಲಿ ಎಂದು ಸುತ್ತ ನೋಡಿದರು. ಬಾಳೆಹಣ್ಣಿನ ತಟ್ಟೆ ದೂರವಿತ್ತು. ಅವರ ಕಣ್ಣು ಆ ರಂಧ್ರದ ಮೇಲೆ ನಿಂತಿತು. ಮುಖ ಅರಳಿತು.

"ನೋಡ್ರಿ ಇಲ್ಲಿ, ಊದಿನಕಡ್ಡಿಗೆ ಜಾಗಾನೂ ಮಾಡಿ ಇಟ್ಟಾರ!"

ಮೂರು ಕಡ್ಡಿಗಳೂ ಅದರಲ್ಲಿ ಸರಿಯಾಗಿ ನಿಂತವು. ಜನ ಹೌದಲ್ಲ ಎಂದು ತಲೆದೂಗಿದರು. ನಾನು ಮುಂದೆ ಹೆಜ್ಜೆ ಇಟ್ಟೆ. ಅವ್ವ ನನ್ನ ಮುಂಗೈಯನ್ನು ಬಲವಾಗಿ ಹಿಡಿದುಕೊಂಡಳು. "ಪೂಜಿ ನಡದೈತಿ. ಸುಮ್ನ ನಿಂದ್ರು." ಆರತಿ ಮುಗಿಯುವವರೆಗೂ ನಾನು ಆ ಬೂದಿಯನ್ನು ನೋಡುತ್ತ ನಿಂತೆ. ಅದು ಬಾಗುತ್ತಿತ್ತು, ಮುರಿಯುತ್ತಿತ್ತು, ಒಳಗೆ ಬೀಳುತ್ತಿತ್ತು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಗಿಂತ ಕಡಿಮೆ ಸಂದು ಇರುವ ಯಂತ್ರ ಅದು.

"ಹಾಂ, ಈಗ ಸುರು ಮಾಡವಾ," ಎಂದರು ಕಾಕಾ.

"ಮಾಡೂದಿಲ್ಲ."

"ಏನು?"

"ಒಳಗ ಬೂದಿ ಬಿದ್ದೈತಿ. ತಿರುಗಿಸಿದ್ರ ಸಿಲಿಂಡರ್ ಗೀಚತೈತಿ. ಮಾಡೂದಿಲ್ರಿ."

ಇಂಧನದ ಬಾಟಲಿ ನನ್ನ ಚೀಲದಲ್ಲಿತ್ತು, ಚೀಲ ನನ್ನ ಹೆಗಲಿನಲ್ಲಿತ್ತು. ಕಾಕಾ ಒಂದು ಕ್ಷಣ ನನ್ನನ್ನು ನೋಡಿ, ಜನರ ಕಡೆ ತಿರುಗಿದರು. "ಹುಡುಗಿಗೆ ನಾಚಿಕಿ ಬಂದೈತ್ರಿ, ಇಷ್ಟ ಮಂದಿ ನೋಡಿ!" ಎಲ್ಲರೂ ನಕ್ಕರು. ಆಮೇಲೆ ಸೋಲು ಒಪ್ಪದ ಆ ಮನುಷ್ಯ ಮಾಡಿದ್ದು ಇದು: ಮಾತಿನ ಭರದಲ್ಲೇ ತಾವೇ ಪಂಖವನ್ನು ನಾಲ್ಕೈದು ಸಲ ಗರಗರ ತಿರುಗಿಸಿದರು, ಒಳಗೆ ಕಚಕಚ ಎಂದದ್ದು ನನ್ನೊಬ್ಬಳಿಗೇ ಕೇಳಿಸಿತು. ಬಳಿಕ ಇಬ್ಬರು ಹಮಾಲರನ್ನು ಕರೆದು ವಿಮಾನವನ್ನು ಅವರ ಹೆಗಲಿಗೇರಿಸಿದರು. ಹಮಾಲರು ಅದನ್ನು ಹೊತ್ತು ಪೇಟೆಯ ಅಂಗಳದ ಸುತ್ತ ಓಡಿದರು. ಪಟಾಕಿ ಹಚ್ಚಿದರು. "ಹಾರ್ತು! ಹಾರ್ತು!" ಎಂದು ಜನ ಚಪ್ಪಾಳೆ ತಟ್ಟಿದರು. ಮದುವೆ ಮಕ್ಕಳಂತೆ ಫೋಟೊ ತೆಗೆಸಿಕೊಂಡರು. ಒಬ್ಬ ಹಮಾಲ ಅದನ್ನು ಇಳಿಸುತ್ತ, "ಇದಕ್ಕಿಂತ ಚೀಲಾನ ಬೇಸಿ ಬಿಡು ಮಾರಾಯ," ಎಂದು ಇನ್ನೊಬ್ಬನಿಗೆ ಹೇಳಿದ. ಆ ಸಂಜೆ ನಾನು ಕೇಳಿದ ಒಂದೇ ನಿಜವಾದ ಮಾತು ಅದು.

ವಿಮಾನ ಅಂಗಡಿಯ ತೊಲೆಗೆ ನೇತಾಡಿತು. ಎಂಜಿನ್ ಕೇಳಿದೆ. "ಪೂಜಿ ಆದದ್ದು ಅಂಗಡಿ ಬಿಟ್ಟು ಹೊರಗ ಹೋಗಬಾರದವಾ. ಲಕ್ಷ್ಮಿ ಹೊರಗ ಕಳಿಸಿದಂಗ," ಎಂದರು ಕಾಕಾ. ಮೊದಲು ಕೊಟ್ಟ ಮಾತನ್ನು ನೆನಪಿಸಿದೆ. "ಅದು ಮೊದಲಿನ ಮಾತು." ಮತ್ತೊಂದು ವಾರ ಬಿಟ್ಟು ಕೇಳಿದೆ. ಮುಂದಿನ ದೀಪಾವಳಿಯಲ್ಲಿ ಹೊಸ ಪೂಜೆಯಾದ ಮೇಲೆ ನೋಡೋಣ ಎಂದರು. ಬೂದಿ ಮತ್ತು ಕುಂಕುಮ ಹರಳೆಣ್ಣೆಯಲ್ಲಿ ಕಲೆತು ಕಲ್ಲಾಗುತ್ತಿರುವುದನ್ನು ನಾನು ಪ್ರತಿ ಸಲವೂ ಕೆಳಗಿನಿಂದ ನೋಡಿ ಬರುತ್ತಿದ್ದೆ. ಅಪ್ಪ, "ಇನ್ನೊಂದು ತರಿಸಿಕೋ," ಎಂದರು. ಇನ್ನೊಂದು ನನಗೆ ಬೇಡವಾಗಿತ್ತು.

ಹೊಸ ಕಾಯಿ ಬರತೊಡಗಿದ ಮೇಲೆ ಒಂದು ಸಂಜೆ ಊಟದ ಹೊತ್ತಿಗೆ ಕಾಕಾ ಖುಷಿಯಲ್ಲಿದ್ದರು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಗೆ ಹೊಸ ಧಾಬಾ ತೆರೆಯುತ್ತಿದ್ದ ಅವರ ಗೆಳೆಯ ವಿಮಾನ ನೋಡಿ ಮರುಳಾಗಿದ್ದಾನಂತೆ. ಧಾಬಾದ ಬಾಗಿಲಿಗೆ ತೂಗುಹಾಕಲು ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಗುರುವಾರ ಟೆಂಪೊ ಬರುತ್ತದೆ.

"ಎಂಜಿನ್ ಸೈತ ಏನ್ರಿ?" ಎಂದೆ.

"ಮತ್ತ? ಅದಿಲ್ಲಂದ್ರ ಏನು ಚಂದ?"

"ಪೂಜಿ ಆದದ್ದು ಹೊರಗ ಹೋಗಬಾರದು ಅಂದಿದ್ರಿ."

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಅದು ಬ್ಯಾರೆ. ಇದು ಸ್ನೇಹದಾಗ ಕೊಡೂದು. ಅದಕ್ಕ ದೋಷ ಇಲ್ಲ."

ಅವರ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇರಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಅನ್ನದಲ್ಲಿ ಕೂದಲು ಸಿಕ್ಕಾಗ ಬರುವಂಥದ್ದು ಬಂತು. ತಟ್ಟೆ ಬಿಟ್ಟು ಎದ್ದೆ.

ಗುರುವಾರ ಪೇಟೆಯ ದಿನ. ಕಾಲೇಜಿಗೆ ರಜೆ ಹಾಕಿ ಅಂಗಡಿಗೆ ಹೋದೆ. ಅಂಗಳದ ತುಂಬ ಕೆಂಪು ರಾಶಿ, ಎಲ್ಲರ ಬಾಯಿಗೂ ವಸ್ತ್ರ, ಕೆಮ್ಮು. ಕಾಕಾ ರೈತರ ನಡುವೆ ಕುಳಿತಿದ್ದರು. ನಾನು ಏಣಿ ಎಳೆದು ತೊಲೆಯ ಕೆಳಗಿಟ್ಟು ಹತ್ತಿದೆ. ಮೂಗಿನ ನಾಲ್ಕು ಸ್ಕ್ರೂಗಳಲ್ಲಿ ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಕುಂಕುಮದಲ್ಲಿ ಕಚ್ಚಿತ್ತು.

"ಏ! ಏನ್ ಮಾಡಾಕತ್ತೀದಿ? ಇಳಿ ಕೆಳಗ!"

"ನನ್ನ ಎಂಜಿನ್ ತಗೊಳ್ಳಾಕತ್ತೇನ್ರಿ."

"ಮಂದಿ ಮುಂದ ಮಾನ ಕಳೀತಿಯೇನು? ನಿನ್ನದು ನಿನ್ನದು ಅಂತಿಯಲ್ಲ, ಈ ಮನ್ಯಾಗ ನಿನ್ನದು ಅಂತ ಬ್ಯಾರೆ ಏನೈತಿ?"

"ಇದೊಂದ ಐತ್ರಿ," ಎಂದೆ. ರೈತನೊಬ್ಬ ಏಣಿ ಅಲುಗದಂತೆ ಹಿಡಿದುಕೊಂಡ, ಯಾರೂ ಹೇಳದೆ. ನಾಲ್ಕನೆಯ ಸ್ಕ್ರೂ ಬಂತು. ಎಂಜಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದೆ. ಕಾಕಾ ಏನೇನೋ ಅನ್ನುತ್ತಿದ್ದರು. ಅಪ್ಪ ತಕ್ಕಡಿಯ ಹಿಂದೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಸಂಜೆ ಟೆಂಪೊ ಬರುವಷ್ಟರಲ್ಲಿ ಕಾಕಾ ವಿಮಾನದ ಮೂಗಿಗೆ ಒಂದು ತೆಂಗಿನಕಾಯಿ ಬಿಗಿಸಿ ಕೆಂಪು ಬಣ್ಣ ಬಳಿಸಿದ್ದರಂತೆ. ಧಾಬಾದವನಿಗೆ ವ್ಯತ್ಯಾಸ ತಿಳಿಯಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಅದನ್ನು ಎಷ್ಟೋ ಸಲ ನೋಡಿದ್ದೇನೆ, ಮತ್ತು ನೋಡಿದಾಗಲೆಲ್ಲ ಮುಖ ತಿರುಗಿಸಿದ್ದೇನೆ.

ಎಂಜಿನ್ನನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಬಟ್ಟಲಿನ ತಳದಲ್ಲಿ ಕಂದು ಕೆಸರು ಕೂತಿತು. ಸಿಲಿಂಡರಿನ ಒಳಮೈ ಮೇಲೆ ಸಣ್ಣ ಗೀರುಗಳಿದ್ದವು, ಉದ್ದುದ್ದ. ಮತ್ತೆ ಜೋಡಿಸಿ ಪಂಖ ತಿರುಗಿಸಿದಾಗ ಬೆರಳಿಗೆ ಮೊದಲಿದ್ದ ಬಿಗಿ ಸಿಗಲಿಲ್ಲ. ಒತ್ತಡ ಸ್ವಲ್ಪ ಸೋರುತ್ತಿತ್ತು. ಓಡಿತು, ಆದರೆ ಮೊದಲಿನ ಕಸುವಿನಲ್ಲಿ ಅಲ್ಲ.

ಹಾಗಾಗಿ ವಿಮಾನವನ್ನು ಮತ್ತೆ ಆರಿಸಬೇಕಾಯಿತು. ಹಳೆಯ ನಕ್ಷೆ ಎಂಜಿನ್ ಹೊಸದಾಗಿದ್ದಾಗ ಬರೆದದ್ದು. ಈಗ ನನ್ನ ಬಳಿ ಇದ್ದುದು ಗಾಯಗೊಂಡದ್ದು. ರೆಕ್ಕೆಯನ್ನು ಹಾಗೇ ಇಟ್ಟುಕೊಂಡೆ, ಎತ್ತುವುದು ಅದೇ. ಉಳಿದದ್ದನ್ನೆಲ್ಲ ಕಡಿದೆ. ಗಾಲಿ ತೆಗೆದೆ. ಹಲಗೆಯ ಮೈಯನ್ನು ತೆಳುವಾಗಿಸಿ ನಡುವೆ ತೂತುಗಳನ್ನು ಕೊರೆದೆ. ತಂತಿಗಳನ್ನು ಗಿಡ್ಡ ಮಾಡಿದೆ. ಧಾರವಾಡದಿಂದ ಶಿಕ್ಷಕರು ಬಸ್ಸಿಗೆ ಹಾಕಿ ಕಳಿಸಿದ ಬಾಲ್ಸಾ ಕಟ್ಟಿಗೆಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿಟ್ಟು ಅಲ್ಲೇ ಕೊಯ್ದೆ. ಪ್ರತಿ ತುಂಡನ್ನೂ ರಸಾಯನಶಾಸ್ತ್ರದವರ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆ. ಮನೆಗೆ ಅದರ ಒಂದು ಚಕ್ಕೆಯನ್ನೂ ತರಲಿಲ್ಲ.

ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಗೆಳತಿ ಹಾವೇರಿಯವಳು. ಅವರ ಮನೆಯ ಹಿಂದೆ ಒಂದು ಖಾಲಿ ಬಯಲಿತ್ತು. ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಡಬ್ಬಿ ತೆರೆದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದಕ್ಕ ಗಾಲಿ ಇಲ್ಲೇನ್ರೀ?"

"ತೂಕ."

"ಬಣ್ಣ?"

"ತೂಕ."

"ನೀವು ಮಾತಾಡೂದು ಇಷ್ಟ ಕಡಿಮಿ ಯಾಕ ಅಂತ ಈಗ ತಿಳೀತು ಬಿಡ್ರಿ."

ಪಂಖ ಚಿಮ್ಮಿದೆ. ಬಹಳ ಹೊತ್ತು ಹಿಡಿಯಲಿಲ್ಲ. ಬೆರಳಿನ ತುದಿ ಸೀಳಿತು, ಅದಕ್ಕೆ ಕರವಸ್ತ್ರ ಕಟ್ಟಿಕೊಂಡು ಮತ್ತೆ ಚಿಮ್ಮಿದೆ. ಹಿಡಿದಾಗ ಅವಳ ಕೈಗೆ ವಿಮಾನ ಕೊಟ್ಟು ಓಡಿಹೋಗಿ ನಡುವೆ ನಿಂತೆ, ಹಿಡಿಕೆ ಎತ್ತಿ ಸನ್ನೆ ಮಾಡಿದೆ. ಅವಳು ನಾಲ್ಕು ಹೆಜ್ಜೆ ಓಡಿ ಬಿಟ್ಟಳು. ವಿಮಾನ ತಗ್ಗಿತು, ಹುಲ್ಲಿನ ತುದಿಗೆ ತಾಗುವಷ್ಟು ತಗ್ಗಿತು, ಆಮೇಲೆ ತಂತಿಗಳು ಬಿಗಿದವು. ನನ್ನ ಭುಜವನ್ನು ಯಾರೋ ಎಳೆದಂತಾಯಿತು. ಅದು ಎದೆಯ ಎತ್ತರದಲ್ಲಿ, ಅದಕ್ಕಿಂತ ಮೇಲಕ್ಕೆ ಹೋಗದೆ, ನನ್ನ ಸುತ್ತ ಸುತ್ತತೊಡಗಿತು. ಮೇಲೆ ಏರಿಸಲು ನೋಡಿದರೆ ಸದ್ದು ಕುಗ್ಗುತ್ತಿತ್ತು. ಏರಿಸಲಿಲ್ಲ. ಇದ್ದ ಎತ್ತರದಲ್ಲೇ ಇಂಧನ ಮುಗಿಯುವವರೆಗೆ ಹಾರಿಸಿದೆ. ಎಂಜಿನ್ ನಿಂತ ಮೇಲೆ ಅದು ಅರ್ಧ ಸುತ್ತು ತೇಲಿ, ಹುಲ್ಲಿನ ಮೇಲೆ ಹೊಟ್ಟೆ ಎಳೆದುಕೊಂಡು ನಿಂತಿತು. ನನ್ನ ಕುಪ್ಪಸದ ತೋಳು, ಕೆನ್ನೆ ಎಲ್ಲ ಹರಳೆಣ್ಣೆ. ಒರೆಸಿಕೊಳ್ಳಬೇಕು ಅನಿಸಲಿಲ್ಲ.

ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದ ಇಬ್ಬರು ಗಂಡಸರು ಹತ್ತಿರ ಬಂದರು. ಒಬ್ಬ ವಿಮಾನವನ್ನು ಚಪ್ಪಲಿ ಕಾಲಿನ ತುದಿಯಿಂದ ತೋರಿಸಿ, "ಛಲೋ ಐತಿ. ಆದ್ರ ಇಷ್ಟ ಸಣ್ಣದು ಯಾಕ? ಯಾರು ಮಾಡಿಕೊಟ್ರು?" ಎಂದು ಕೇಳಿದ.

"ಅವರ ಮಾಡ್ಯಾರ್ರಿ. ಕಾಲು ಆ ಕಡೆ ತಗೀರಿ," ಎಂದಳು ಗೆಳತಿ.

"ಖರೇ?" ಎಂದು ಅವನು ನನ್ನ ಕಡೆ ನೋಡಿದ. ನಾನು ಮಂಡಿಯೂರಿ ಕುಳಿತು ಎಂಜಿನ್ನಿನ ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಟ್ಯಾಂಕಿಗೆ ಇಂಧನ ತುಂಬುತ್ತಿದ್ದೆ.